ಎರಡು ಹನಿ ಕೊಟ್ಟ ತಪ್ಪಿಗೆ

ಒಳ್ಳೆಯದು ಕೆಟ್ಟದ್ದು ನೋಡಿ ಕೊಬ್ಬರಿ ಆರಿಸುವುದು ಕೂತು ಮಾಡುವ ಕೆಲಸ. ಆದರೆ ಕಣ್ಣು ನೆಟ್ಟಗಿರಬೇಕು. ಹೊನ್ನವಳ್ಳಿಯ ಜ್ಞಾನೇಶ್ ಸಾಹುಕಾರರ ಶೆಡ್ಡಿನಲ್ಲಿ ಹದಿನೆಂಟು ವರ್ಷ ಕೊಬ್ಬರಿ ಆರಿಸಿದ ಕ್ಯಾತಮ್ಮ ಈಗ ತೆಂಗಿನಕಾಯಿ ಸುಲಿದ ಮಟ್ಟೆ ಹೊರುತ್ತಿದ್ದಳು. ಬೂಸಲು ಹಿಡಿದ ನಾಲ್ಕು ಉಂಡೆ ಕೊಬ್ಬರಿ ಒಳ್ಳೆ ಮಾಲಿನ ಚೀಲ ಸೇರಿದ್ದೇ ನೆಪವಾಯಿತು. ಅರವತ್ತು ದಾಟಿದ ಬೆನ್ನು ಹೊರೆಗೆ ಬಾಗಿತು.

ಹೋದ ವರ್ಷ ಸಾಹುಕಾರರೇ ನಡೆಸಿದ ಕಣ್ಣಿನ ಕ್ಯಾಂಪಿನಲ್ಲಿ ಅವಳ ಬಲಗಣ್ಣಿನ ಪೊರೆ ತೆಗೆದಿದ್ದರು. ಎಡಗಣ್ಣು ಮೊದಲೇ ಹೋಗಿತ್ತು. ಆರು ತಿಂಗಳು ಎಲ್ಲ ಚೆನ್ನಾಗಿ ಕಂಡಿತು. ಆಮೇಲೆ ಮತ್ತೆ ಮಬ್ಬು.

“ಊತ ಇಳೀಲಿ ಅಂತ ಕೊಟ್ಟ ಡ್ರಾಪ್ಸ್‌ನ ಆ ಸರ್ವರಿ ಕಣ್ಣಿಗೆ ಬುಟ್ಯಲ್ಲ, ಅದಕ್ಕೇ ಹಿಂಗಾಗಿರೋದು. ಧರ್ಮಕ್ಕೆ ಕೊಟ್ಟಿದ್ದು ನಿಮಗೆ ದಕ್ಕಲ್ಲ ಬುಡು,” ಅಂದರು ಸಾಹುಕಾರರು.

ಕೊಟ್ಟಿದ್ದು ನಿಜ. ಚಿಪ್ಪಿನ ಚೂರು ಸಿಡಿದು ಜೊತೆಗೆ ಕೆಲಸ ಮಾಡುವ ಸರ್ವರಿ ಬೇಗಂ ಕಣ್ಣು ಕೆಂಡವಾದಾಗ, ನೀರಲ್ಲಿ ತೊಳ್ಕೋ ಎಂದು ಕಾರು ಹತ್ತಿದ್ದವರು ಇದೇ ಪುಣ್ಯಾತ್ಮರು. ಕ್ಯಾತಮ್ಮ ತನ್ನ ಬಾಟಲಿಯಿಂದ ದಿನಕ್ಕೆ ಎರಡು ಹನಿ ಬಿಟ್ಟಿದ್ದಳು. ಈಗ ಸರ್ವರಿ, “ನನ್ನಿಂದ ನಿನ್ ಕಣ್ಣು ಹೋಯ್ತಲ್ಲಕ್ಕಾ,” ಎಂದು ಅಳುತ್ತಿದ್ದಳು.

ಇಬ್ಬರೂ ತಿಪಟೂರಿನ ಆಸ್ಪತ್ರೆಗೆ ಹೋದರು. ಡಾಕ್ಟರು ಸೌಂದರ್ಯ ಮೊದಲು ಬೈದರು. “ಒಬ್ಬರ ಡ್ರಾಪ್ಸ್ ಇನ್ನೊಬ್ಬರಿಗೆ ಹಾಕಬಾರದಮ್ಮ, ಸೋಂಕಾಗುತ್ತೆ. ಆದ್ರೆ ಈ ಮಬ್ಬು ಅದರಿಂದ ಬಂತು ಅನ್ನೋಕಾಗಲ್ಲ. ಆಪರೇಷನ್‌ನಲ್ಲಿ ಹಾಕಿದ ಲೆನ್ಸ್ ಹಿಂದಿನ ತೆಳು ಪೊರೆ ಮಂಕಾಗಿದೆ. ಒಂದು ಹನಿ ತಪ್ಪಿಸದೆ ಹಾಕ್ಕೊಂಡೋರಿಗೂ ಹೀಗಾಗುತ್ತೆ. ಲೇಸರ್ ಮಾಡಿದ್ರೆ ಐದು ನಿಮಿಷದ ಕೆಲಸ. ಕ್ಯಾಂಪ್ ಮಾಡಿದೋರು ಮತ್ತೆ ಕರೆಸಿ ನೋಡಬೇಕಿತ್ತು. ಗುರುವಾರ ಬನ್ನಿ.”

ಐದು ನಿಮಿಷ! ಅಷ್ಟಕ್ಕೆ ಕ್ಯಾತಮ್ಮ ನಾಲ್ಕು ತಿಂಗಳು ತನ್ನನ್ನೇ ಶಪಿಸಿಕೊಂಡಿದ್ದಳು.

ಗುರುವಾರ ರಜೆ ಕೇಳಿದರೆ ಸಾಹುಕಾರರು ನಕ್ಕರು. “ಅವತ್ತೇ ಈ ವರ್ಷದ ಕ್ಯಾಂಪು ಕಣಮ್ಮ. ನೀನು ಸ್ಟೇಜ್ ಮೇಲೆ ಇರ್ಬೇಕು. ಕಣ್ಣು ಬಂತು ಅಂತ ಎಲ್ಡು ಮಾತು ಹೇಳು, ಮತ್ತೆ ಆರ್ಸೋಕೆ ಕೂರುಸ್ತೀನಿ.”

ಗುರುವಾರ ಶಾಲೆಯ ಬಯಲಿನಲ್ಲಿ ಶಾಮಿಯಾನ. ಚೀಟಿ ಹಿಡಿದು ಕೂತ ಮುದುಕ ಮುದುಕಿಯರು. ಕ್ಯಾತಮ್ಮನ ಕೈಗೆ ಮೈಕು ಕೊಟ್ಟರು. ನಾಲ್ಕು ಸುಳ್ಳು ಹೇಳಿದರೆ ಬೆನ್ನಿನ ಹೊರೆ ಇಳಿಯುತ್ತಿತ್ತು.

“ಹೋದ ವರ್ಸ ನಂಗೆ ಕಣ್ಣು ಬಂದಿದ್ದು ದಿಟ,” ಅಂದಳು. “ಆಮ್ಯಾಕೆ ಮಬ್ಬು ಕವೀತು. ನಿಮ್ಗೂ ಕವೀಬೋದು. ನೀನೇ ತಪ್ಪು ಮಾಡ್ದೆ ಅಂತಾರೆ, ನಂಬ್ಬೇಡಿ! ಐದು ನಿಮಿಸದ ಲೇಸರಂತೆ. ಅದನ್ನೂ ಮಾಡುಸ್ತೀವಿ ಅಂತ ಸಾವ್ಕಾರ್ರು ಇವತ್ತೇ ಬರ್ಕೊಡ್ಲಿ—”

ಮೈಕು ನಿಂತಿತು. ಇನ್ನು ಶೆಡ್ಡಿಗೆ ಕಾಲಿಡುವಂತಿಲ್ಲ ಎಂದು ಕ್ಯಾತಮ್ಮನಿಗೆ ಗೊತ್ತಾಯಿತು.

ಮುಂದಿನ ಸಾಲಿನಲ್ಲಿದ್ದ ಕುರಿ ಕಾಯುವ ಜುಂಜಣ್ಣ ಕೋಲೂರಿ ಎದ್ದ. “ಮೈಕ್ ಯಾಕ್ರಪ್ಪಾ ನಿಲ್ಸುದ್ರಿ? ನಮ್ಗೆ ಹೋಗಿರೋದು ಕಣ್ಣು, ಕಿವಿ ನೆಟ್ಟಗೈತೆ. ಹೇಳು ತಾಯಿ!”

ಕ್ಯಾತಮ್ಮ ಗಂಟಲೆತ್ತಿ ಮೊದಲಿನಿಂದ ಶುರುಮಾಡಿದಳು.