ದೋಣಿಯಲ್ಲಿ ಬಾಳೆಹಣ್ಣು

ಬಾಸ್ ಮೀನು ಹಿಡಿಯುವ ಪಂದ್ಯಗಳಲ್ಲೇ ಮೂವತ್ತು ವರ್ಷ ಹೊಟ್ಟೆ ಹೊರೆದುಕೊಂಡು ಬಂದ ವೆಂಡೆಲ್ ಟಕೆಟ್‌ಗೆ ಅಂದು ಗಂಟರ್ಸ್‌ವಿಲ್ ಸರೋವರದಲ್ಲಿ ಬೇಕಾಗಿದ್ದದ್ದು ಐದು ಮೀನು. ಐದು ಒಳ್ಳೆಯ ಮೀನು ತೂಗಿದರೆ ಮುಂದಿನ ವರ್ಷವೂ ಪಂದ್ಯಾವಳಿಯಲ್ಲಿ ಜಾಗ, ಇಲ್ಲದಿದ್ದರೆ ಇವತ್ತಿಗೆ ಮುಗಿಯಿತು. ಅರವತ್ತು ದಾಟಿದವನು ಒಮ್ಮೆ ಹೊರಬಿದ್ದರೆ ಮತ್ತೆ ಯಾರೂ ಕರೆಯುವುದಿಲ್ಲ.

ಬೆಳಗ್ಗೆ ಎಲ್ಲ ಸುಸೂತ್ರವಾಗಿತ್ತು. ನೀರಿನ ಮೇಲೆ ಚಾಪೆ ಹಾಸಿದಂತೆ ಬೆಳೆದಿದ್ದ ಹುಲ್ಲಿನ ಮೇಲೆ ಗಾಳ ಸಿಕ್ಕಿಸಿದ ರಬ್ಬರ್ ಕಪ್ಪೆಯನ್ನು ಕುಪ್ಪಳಿಸುವಂತೆ ಎಳೆದ. ಒಂಬತ್ತು ಗಂಟೆಗೆ ಮುಂಚೆಯೇ ನಾಲ್ಕು ಮೀನು ದೋಣಿಯ ತೊಟ್ಟಿಗೆ ಬಿದ್ದವು. ಪಂದ್ಯದವರು ಕಾವಲಿಗೆಂದು ಹಿಂದಿನ ಸೀಟಿನಲ್ಲಿ ಕೂರಿಸಿದ್ದ ಕೋರಿ, ಸಿಕ್ಕ ಮೀನನ್ನೆಲ್ಲ ಆಗಿಂದಾಗಲೇ ಫೋನಿನಲ್ಲಿ ದಡಕ್ಕೆ ತಿಳಿಸುತ್ತಿದ್ದ. ಆಮೇಲೆ ಮಾತ್ರ ಸರೋವರ ಮುನಿಸಿಕೊಂಡಿತು.

ಮಧ್ಯಾಹ್ನ ವೆಂಡೆಲ್ ಊಟದ ಚೀಲ ಬಿಚ್ಚಿದ. ಸ್ಯಾಂಡ್‌ವಿಚ್‌ನ ಕೆಳಗೆ ಒಂದು ಬಾಳೆಹಣ್ಣು ಇತ್ತು.

ಕೋರಿ ಹಾವು ಕಂಡವನಂತೆ ಎದ್ದು ನಿಂತ. "ಅಯ್ಯಯ್ಯೋ ಸಾರ್! ದೋಣಿಲಿ ಬಾಳೆಹಣ್ಣಾ? ಮೊದ್ಲು ಬಿಸಾಕಿ! ಅದಕ್ಕೇ ನೋಡಿ, ಒಂಬತ್ತು ಗಂಟೆಯಿಂದ ಒಂದು ಮೀನೂ ಮೂಸಿಲ್ಲ!"

ದೋಣಿಗೆ ಬಾಳೆಹಣ್ಣು ಬಂದರೆ ಮೀನು ಬರುವುದಿಲ್ಲವೆಂದು ವೆಂಡೆಲ್ ಕೂಡ ಮನಸಾರೆ ನಂಬಿದವನೇ. ಮದುವೆಯಾದ ಹೊಸತರಲ್ಲಿ ಹೆಂಡತಿ ಓಪಲ್ ಆಸೆಯಿಂದ ಬಾಳೆಹಣ್ಣಿನ ಬ್ರೆಡ್ ಮಾಡಿ ಕಟ್ಟಿಕೊಟ್ಟಿದ್ದಳು. ಅವತ್ತೇ ಎಂಜಿನ್ ನಡುನೀರಿನಲ್ಲಿ ಕೈಕೊಟ್ಟಿತು. ಆ ಕಥೆಯನ್ನು ಅವನು ಕಂಡಕಂಡವರ ಮುಂದೆಲ್ಲ ಹೇಳಿ ನಗಿಸಿದ. ಓಪಲ್ ಕೂಡ ಜೊತೆಯಲ್ಲಿ ನಗುತ್ತಿದ್ದಳು, ಪಾಪ. ಆದರೆ ಆಮೇಲೆ ಅವಳು ಮನೆಗೆ ಬಾಳೆಹಣ್ಣು ತಂದದ್ದೇ ಇಲ್ಲ.

ಹಾಗಾದರೆ ಇದೆಲ್ಲಿಂದ ಬಂತು? ಬೆಳಗ್ಗೆ ಅವಳು ಕಟ್ಟಿದ್ದು ಎರಡು ಚೀಲ, ಇವನಿಗೊಂದು, ದಡದಲ್ಲಿ ಕಾಯುವ ತನಗೊಂದು. ಅವಸರದಲ್ಲಿ ಅವಳದ್ದು ಇವನ ಕೈಗೆ ಬಂದಿತ್ತು.

ಆಗ ಅವನಿಗೆ ಡಾಕ್ಟರ ಮಾತು ನೆನಪಾಯಿತು. ಓಪಲ್‌ಗೆ ಬಿ.ಪಿ. ಮಾತ್ರೆ ಬದಲಿಸಿದಾಗ, ದಿನಕ್ಕೊಂದು ಬಾಳೆಹಣ್ಣು ತಿನ್ನಮ್ಮಾ, ಕಾಲು ಹಿಡಿದುಕೊಳ್ಳೋದು ನಿಲ್ಲುತ್ತೆ ಎಂದಿದ್ದರು. ಇವನು ಪಕ್ಕದಲ್ಲೇ ಕೂತು ಫೋನಿನಲ್ಲಿ ಗಾಳಿ ಯಾವ ಕಡೆಗೆಂದು ನೋಡುತ್ತಿದ್ದ. ಅಂದಿನಿಂದ ಅವಳು ಗಂಡನಿಗೆ ಅಪಶಕುನವಾಗಬಾರದೆಂದು ದೋಣಿಶೆಡ್ಡಿನ ಹಿಂದೆಲ್ಲೋ ನಿಂತು ಔಷಧಿಯನ್ನು ಕದ್ದು ತಿನ್ನುತ್ತಿದ್ದಳು.

"ಏನ್ ಯೋಚ್ನೆ ಸಾರ್? ಎಸೀರಿ!"

"ಹೆಂಡ್ತಿ ಕಟ್ಟಿದ್ದು ಕಣಯ್ಯ," ಎಂದ ವೆಂಡೆಲ್. ಸಿಪ್ಪೆ ಸುಲಿದು ಪೂರ್ತಿ ತಿಂದ. ಎಸೆಯಲು ಅವನಿಗೆ ಕೈಬರಲಿಲ್ಲ, ಅಷ್ಟೇ.

ಮೂರು ಗಂಟೆಯ ಹೊತ್ತಿಗೆ ಹುಲ್ಲು ಸೀಳಿಕೊಂಡು ಐದನೆಯದು ಬಂತು. ಅಂಥ ಮೀನು ಆ ವರ್ಷವೆಲ್ಲ ಅವನ ಗಾಳಕ್ಕೆ ಬಿದ್ದಿರಲಿಲ್ಲ. ದೋಣಿಯ ಅಂಚಿನವರೆಗೂ ಎಳೆದ, ಬಗ್ಗಿ ಕೈಯನ್ನೂ ಚಾಚಿದ. ಮೀನು ಒಮ್ಮೆ ಮೇಲಕ್ಕೆ ನೆಗೆದು, ತಲೆ ಕೊಡವಿ, ಗಾಳವನ್ನು ಅವನ ಎದೆಗೇ ಉಗಿದು ಹೋಯಿತು. ಕೋರಿ ಸಿಪ್ಪೆಯ ಕಡೆ ನೋಡಿದ. ಸುಳ್ಳೇಕೆ, ವೆಂಡೆಲ್‌ನ ಕಣ್ಣೂ ಅಲ್ಲಿಗೇ ಹೋಯಿತು.

ದಡದ ವೇದಿಕೆಯ ಮೇಲೆ ನಾಲ್ಕು ಮೀನು ತೂಗಿದರು. ಸಾಲಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವನು ಟೋಪಿ ತೆಗೆದು ತಲೆಬಾಗಿದ. ಮೂವತ್ತು ವರ್ಷ ಅಲ್ಲಿಗೆ ಮುಗಿಯಿತು.

ಟ್ರಕ್ಕಿನ ಹತ್ತಿರ ನಿಂತಿದ್ದ ಓಪಲ್‌ಗೆ ಅತ್ತೂ ಅತ್ತೂ ಮೂಗು ಕೆಂಪಾಗಿತ್ತು. "ನನ್ನಿಂದಾನೇ ಆಯ್ತು ವೆಂಡೆಲ್. ಚೀಲ ತೆರೆದು ನೋಡ್ದಾಗ ಎದೆ ಧಸಕ್ ಅಂತು. ನನ್ ಹಾಳು ಹಣ್ಣು..."

"ಹುಚ್ಚಿ," ಎಂದ ಅವನು. "ಬೆಳಗ್ಗೆ ದೋಣಿ ಬಿಟ್ಟ ಕೂಡ್ಲೆ ಹಸಿವಾಯ್ತು, ಅದನ್ನೇ ತಿಂದೆ. ನಾಲ್ಕಕ್ಕೆ ನಾಲ್ಕೂ ಅದಾದ್ಮೇಲೇ ಬಿದ್ದಿದ್ದು. ಇನ್ನೊಂದು ಹಣ್ಣು ಇಟ್ಟಿದ್ರೆ ಐದನೇದೂ ಬರ್ತಿತ್ತು!"

ಓಪಲ್ ಅವನ ಮುಖವನ್ನೇ ನೋಡಿದಳು. "ಹೌದಾ?" ಎಂದಳು.

"ನನ್ನಾಣೆ."

ದೋಣಿಯನ್ನು ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೊರಟರು. ಊರಾಚೆಯ ಅಂಗಡಿಯ ಮುಂದೆ ವೆಂಡೆಲ್ ಗಾಡಿ ನಿಲ್ಲಿಸಿ ಒಂದು ಚಿಪ್ಪು ಬಾಳೆಹಣ್ಣು ತಂದ. ತಂದು ಯಾರಿಗೂ ಕಾಣದ ಹಾಗೆ ಇಡಲಿಲ್ಲ, ಮುಂದಿನ ಗಾಜಿನ ಹತ್ತಿರವೇ ಇಟ್ಟ.

ಸ್ವಲ್ಪ ದೂರ ಹೋದ ಮೇಲೆ ಓಪಲ್ ಒಂದನ್ನು ಸುಲಿದಳು. "ಗಾಳದಂಗ್ಡಿ ಟಿ.ವಿ.ಲಿ ಯಾರ್ಗೆ ಎಷ್ಟ್ ಮೀನು ಅಂತ ಆಗಿಂದಾಗ್ಲೇ ತೋರಿಸ್ತಿದ್ರು, ಅದ್ರ ಮುಂದೇನೇ ಕೂತಿದ್ದೆ ನಾನು," ಎಂದಳು. "ನಿನ್ ನಾಲ್ಕು ಮೀನೂ ಒಂಬತ್ತರೊಳಗೇ ಬಂದಿತ್ತು. ಮಧ್ಯಾಹ್ನದ ತನಕ ನೀನು ಊಟದ ಚೀಲ ಮುಟ್ಟೋನಲ್ಲ ಅಂತ ನಂಗೊತ್ತಿಲ್ವಾ?"

ವೆಂಡೆಲ್ ರಸ್ತೆಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಗಾಯಿತು.

"ಇಷ್ಟು ವರ್ಷ ಆಯ್ತು, ಇನ್ನೂ ನೆಟ್ಟಗೊಂದು ಸುಳ್ಳು ಹೇಳೋಕ್ ಬರಲ್ಲ ನಿಂಗೆ," ಎಂದು ಓಪಲ್ ಹಣ್ಣನ್ನು ಮುರಿದು ದೊಡ್ಡ ತುಂಡನ್ನು ಅವನ ಬಾಯಿಗಿಟ್ಟಳು.