ನೇಲ್ ಪಾಲಿಶ್ ಹಚ್ಚಿದ ಚಿಪ್

ಬೆಳಗಿನ ಹನ್ನೊಂದೂವರೆ. ಮನೆಯ ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸುವ ಹೆಂಡತಿ, ಗಿರಾಕಿಯೊಬ್ಬಳ ಉಗುರಿನಿಂದ ಹಳೆಯ ಬಣ್ಣವನ್ನು ಹತ್ತಿಯಿಂದ ಒರೆಸಿ ತೆಗೆಯುತ್ತಿದ್ದಳು. ಗಂಡ ಕನ್ನಡಿಯ ಪಕ್ಕ ನಿಂತು ತನ್ನ ಬೆಳಗಿನ ಪರಾಕ್ರಮವನ್ನು ನಾಲ್ಕನೆಯ ಸಲ ಹೇಳುತ್ತಿದ್ದ.

ಅವನೇನು ಸಾಮಾನ್ಯನಲ್ಲ. ಸತ್ತ ರೇಡಿಯೋವನ್ನು ಕಂಕುಳಲ್ಲಿ ಇಟ್ಟುಕೊಂಡು ಅವನ ಅಂಗಡಿಯ ಮುಂದೆ ಸುಮ್ಮನೆ ಹಾದುಹೋದರೂ ಸಾಕು, ಅದು ನಾಚಿಕೊಂಡು ಹಾಡಲು ಶುರುಮಾಡುತ್ತಿತ್ತು. ಹಳೆಯ ಯಂತ್ರಗಳ ರಿಪೇರಿಯಲ್ಲಿ ಅವನನ್ನು ಮೀರಿಸುವವರು ಏಳು ಊರಿನಲ್ಲಿ ಇರಲಿಲ್ಲ. ಎಲ್ಲರೂ ಅವನನ್ನು ಚಿಪ್ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಯಂತ್ರವೂ ಪ್ರಾಣ ಬಿಟ್ಟಿರಲಿಲ್ಲ. ಬಿಟ್ಟ ಒಂದೆರಡು ಕೂಡ ಅವನು ಊಟಕ್ಕೆ ಹೋದಾಗ ಬಿಟ್ಟಿದ್ದವು.

“ಆರು ಮಹಡಿ ಲಿಫ್ಟು ಕಣೇ. ನಿನ್ನೆ ಸಂಜೆಯಿಂದ ಹೆಣದ ಹಾಗೆ ಬಿದ್ದಿತ್ತು. ಬೆಳಿಗ್ಗೆ ಎಂಟಕ್ಕೆ ಹೋದೆ, ಚಿಪ್ ಬದಲಾಯಿಸಿದೆ, ಎಂಟೂಕಾಲಿಗೆ ಕುಣೀತಿತ್ತು,” ಎಂದ. “ಇಂಥ ಚಿಪ್ ಮಾಡೋದು ನಿಲ್ಸಿ ಎಷ್ಟೋ ವರ್ಷ ಆಯ್ತು. ಆನ್‌ಲೈನಲ್ಲಿ ಹುಡುಕಿ ತರಿಸೋಕೆ ಕಣ್ಣು ಬೇಕು, ಕಣ್ಣು.”

ಜೇಬಿನಿಂದ ಪುಟ್ಟ ಪೆಟ್ಟಿಗೆ ತೆಗೆದು, ಉಳಿದ ನಾಲ್ಕು ಚಿಪ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಕರ‍್ರಗೆ ಮಿರಮಿರ ಮಿಂಚುತ್ತಿದ್ದವು. ಅವು ಬಂದು ಹತ್ತು ದಿನವಾಗಿತ್ತು. ಬಂದ ದಿನವೇ ಒಂದೊಂದನ್ನೂ ಹತ್ತು ನಿಮಿಷ ಫ್ಯಾನಿನ ಕೆಳಗೆ ಓಡಿಸಿ ನೋಡಿದ್ದ, ಓಡಿದ್ದವು. ಆ ಕ್ಷಣವೇ ಮಾರಾಟಗಾರನಿಗೆ ಐದು ನಕ್ಷತ್ರ ಕೊಟ್ಟು, ಕೆಳಗೆ ಬರೆದಿದ್ದ: ‘ಚಿಪ್ ಡಾಕ್ಟರ್ ಖುದ್ದಾಗಿ ಪರೀಕ್ಷಿಸಿದ ಮಾಲು. ಕಣ್ಣು ಮುಚ್ಚಿ ತಗೊಳ್ಳಿ.’

“ಈ ಕೈ ಕೊಡಿ ಅಕ್ಕಾ,” ಎಂದು ಹೆಂಡತಿ ಗಿರಾಕಿಯ ಇನ್ನೊಂದು ಕೈ ಹಿಡಿಯುವಾಗ ಬಾಟಲಿ ಮಗುಚಿತು. ಉಗುರುಬಣ್ಣ ತೆಗೆಯುವ ದ್ರಾವಣ ಮೇಜಿನ ಮೇಲೆ ಹರಿಯಿತು. ಅವಳು ಗಾಬರಿಯಿಂದ ಹತ್ತಿ ಹಿಡಿದು ಮೇಜು ಒರೆಸಿದಳು, ಒಂದು ಚಿಪ್ ಎತ್ತಿ ಒರೆಸಿದಳು. ಹತ್ತಿಯನ್ನು ನೋಡಿದಳು. ಕಾಡಿಗೆಯಂತೆ ಕಪ್ಪಾಗಿತ್ತು.

“ರೀ, ನಿಮ್ಮ ಚಿಪ್ಪಿಗೂ ಯಾರೋ ನೇಲ್ ಪಾಲಿಶ್ ಹಚ್ಚಿದ್ದಾರಲ್ಲ!”

ಗಿರಾಕಿ ನಕ್ಕಳು. ಅವನು ನಗಲಿಲ್ಲ. ಚಿಪ್ ಕಿತ್ತುಕೊಂಡು, ಇನ್ನಷ್ಟು ದ್ರಾವಣ ಸುರಿದು ತಿಕ್ಕಿದ. ಕಪ್ಪು ಬಣ್ಣದ ಜೊತೆ ಮೇಲಿನ ಅಕ್ಷರಗಳೂ ಕರಗಿಹೋದವು. ಅಡಿಯಲ್ಲಿ ಉಜ್ಜಿ ಅಳಿಸಿದ ಗೀರುಗಳು. ಗೀರುಗಳ ನಡುವೆ ಬೇರೆಯೇ ಅಕ್ಷರಗಳ ನೆರಳು. ಭೂತಗನ್ನಡಿ ಹಿಡಿದ. ಮೇಲಿದ್ದ ಬರಹ, ಕಾರ್ಖಾನೆಯ ಬಿಸಿ ತಡೆಯುವ ಚಿಪ್ ಎಂದು ಹೇಳುತ್ತಿತ್ತು. ಕೆಳಗಿದ್ದದ್ದು, ಮನೆಯೊಳಗಿನ ಆಟದ ಯಂತ್ರಕ್ಕೆ ಹಾಕುವ, ಬಿಸಿ ತಾಗಿದರೆ ತಲೆ ಕೆಡುವ ಬಡಪಾಯಿ ಚಿಪ್. ಉಳಿದ ಮೂರರ ಮೇಲೂ ಅಚ್ಚಾಗಿದ್ದ ತಾರೀಕು, ಕಂಪನಿ ಆ ಚಿಪ್ ಮಾಡುವುದನ್ನೇ ನಿಲ್ಲಿಸಿದ ಎರಡು ವರ್ಷದ ನಂತರದ್ದು. ತಾಯಿ ತೀರಿಕೊಂಡ ಎರಡು ವರ್ಷಕ್ಕೆ ಹುಟ್ಟಿದ ಮಕ್ಕಳು! ಹತ್ತು ದಿನದಿಂದ ಆ ತಾರೀಕು ಅವನ ಕಣ್ಣೆದುರೇ ಇತ್ತು.

ಅವನು ಕಿಟಕಿಯಾಚೆ ನೋಡಿದ. ಬಿಸಿಲು ಬೀದಿಯ ಕಲ್ಲನ್ನು ಹುರಿಯುತ್ತಿತ್ತು. ಲಿಫ್ಟಿನ ಯಂತ್ರದ ಕೋಣೆ ಇದ್ದದ್ದು ತಾರಸಿಯ ಮೇಲೆ, ತಗಡಿನ ಸೂರಿನ ಕೆಳಗೆ. ಬೆಳಿಗ್ಗೆ ಎಂಟಕ್ಕೆ ತಣ್ಣಗಿದ್ದ ಆ ಕೋಣೆ ಈಗ ಕುಲುಮೆಯಾಗಿರುತ್ತದೆ. ಮತ್ತು ಐದನೇ ಮಹಡಿಯ ಟೀಚರಮ್ಮ, ಕಾಲಿನಲ್ಲಿ ಶಕ್ತಿಯಿಲ್ಲದೆ ಗಾಲಿಕುರ್ಚಿಯಲ್ಲಿ ಕೂತಿರುವ ಎಂಬತ್ತರ ಹೆಂಗಸು, ದಿನಾ ಹನ್ನೆರಡಕ್ಕೆ ಸರಿಯಾಗಿ ವ್ಯಾಯಾಮದ ಚಿಕಿತ್ಸೆಗೆಂದು ಒಬ್ಬರೇ ಲಿಫ್ಟ್‌ನಲ್ಲಿ ಕೆಳಗಿಳಿಯುತ್ತಾರೆ. ಬೆಳಿಗ್ಗೆ ಅವರೇ ಹೇಳಿದ್ದರು: “ನೀನು ಸರಿ ಮಾಡಿದೀಯ ಅಂದ್ಮೇಲೆ ನಂಗೇನು ಭಯ ಕಣಪ್ಪ?”

ವಾಚ್‌ಮನ್‌ಗೆ ಫೋನ್ ಮಾಡಿದ. ರಿಂಗಾಯಿತು, ರಿಂಗಾಯಿತು, ಕಟ್ಟಾಯಿತು. ಗಡಿಯಾರದಲ್ಲಿ ಹನ್ನೆರಡಕ್ಕೆ ಹದಿನಾಲ್ಕು ನಿಮಿಷ. ಚಪ್ಪಲಿ ಹಾಕಿಕೊಳ್ಳದೆ ಓಡಿದ.

ಆ ಓಟವನ್ನು ಕಂಡವರು ಇವತ್ತಿಗೂ ಮಾತಾಡುತ್ತಾರೆ. ಎರಡು ಬಸ್ಸುಗಳನ್ನು ಹಿಂದೆ ಹಾಕಿದ. ಅವು ನಿಂತಿದ್ದವು ಎಂದು ಹೇಳುವ ಹೊಟ್ಟೆಕಿಚ್ಚಿನವರೂ ಇದ್ದಾರೆ. ಅವನಿಗೆ ಮಾತ್ರ ಬಸ್ಸೂ ಕಾಣಲಿಲ್ಲ, ಬೀದಿಯೂ ಕಾಣಲಿಲ್ಲ. ಕಣ್ಣೆದುರು ಇದ್ದದ್ದು ಒಂದೇ, ಕಾಡಿಗೆ ಬಣ್ಣದ ಹತ್ತಿ.

ಕಟ್ಟಡದ ಬಾಗಿಲಲ್ಲಿ ವಾಚ್‌ಮನ್ ಲಿಫ್ಟಿನ ಅಂಕಿಯನ್ನೇ ಬಾಯಿ ತೆರೆದು ನೋಡುತ್ತಿದ್ದ. “ಡಾಕ್ಟ್ರೇ, ಒಳ್ಳೇ ಟೈಮಿಗೆ ಬಂದ್ರಿ. ಇದ್ಯಾಕೋ ಹುಚ್ಚುಚ್ಚಾಗಿ ಆಡ್ತಿದೆ.”

“ಒಳಗೆ ಯಾರಿದ್ದಾರೆ?”

“ಟೀಚರಮ್ಮ.”

ಬಾಗಿಲ ಮೇಲಿನ ಕೆಂಪು ಅಂಕಿ ನಾಲ್ಕು ಎಂದಿತು. ಎರಡು. ಮತ್ತೆ ನಾಲ್ಕು. ಆಮೇಲೆ ಎಂಟು. ಆ ಕಟ್ಟಡಕ್ಕೆ ಎಂಟನೇ ಮಹಡಿಯೇ ಇರಲಿಲ್ಲ.

ಮೆಟ್ಟಿಲು ಹತ್ತಿದ. ಹತ್ತು ಸಾವಿರ ಮೆಟ್ಟಿಲು. ಎಣಿಸಿದವರು ನೂರಿಪ್ಪತ್ತು ಅನ್ನುತ್ತಾರೆ. ಅವರು ಅವತ್ತು ಹತ್ತಿರಲಿಲ್ಲ. ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ, ಗೋಡೆಯೊಳಗಿನಿಂದ ಎಂಬಂತೆ, ಒಂದು ಸಣ್ಣ ದನಿ ಕೇಳಿಸಿತು. “ಯಾರಾದ್ರೂ ಇದ್ದೀರಾ?”

ಬಾಗಿಲ ಸಂದಿಗೆ ಬಾಯಿಟ್ಟ. “ಟೀಚರಮ್ಮಾ, ನಾನು.”

“ಬಂದ್ಯಾ ಮಗಾ? ದೀಪ ಆರಿಹೋಗಿದೆ. ಇಳಿಯತ್ತೆ, ಮತ್ತೆ ಎಗರತ್ತೆ. ಕುರ್ಚಿ ಗಾಲಿ ನಿಲ್ತಿಲ್ಲ. ಕೈ ನೋಯ್ತಿದೆ ಕಣೋ, ಗೋಡೆ ಹಿಡ್ಕೊಂಡು ಹಿಡ್ಕೊಂಡು.”

ಅಷ್ಟರಲ್ಲಿ ಲಿಫ್ಟ್ ಧಡಕ್ ಎಂದು ಒಂದು ಮೊಳ ಕೆಳಗೆ ಜಿಗಿಯಿತು. ಒಳಗೆ ಕುರ್ಚಿ ಗೋಡೆಗೆ ಬಡಿದ ಸದ್ದು. ಆಮೇಲೆ ಮೌನ.

“ಟೀಚರಮ್ಮಾ!”

“ಇದೀನಿ,” ಎಂದಿತು ದನಿ, ಇನ್ನೂ ಸಣ್ಣಗೆ. “ನೀನು ಅಲ್ಲೇ ಇರು. ಬಿಟ್ಟು ಹೋಗ್ಬೇಡ.”

“ಮೇಲೆ ಹೋಗಿ ಕರೆಂಟ್ ತೆಗೀಲೇಬೇಕು. ಎರಡೇ ನಿಮಿಷ.”

“ಬೇಡ ಕಣೋ. ಒಬ್ಳೇ ಬಿಡ್ಬೇಡ.”

ಅವನ ಜೀವಮಾನದಲ್ಲಿ ಆ ಬಾಗಿಲು ಬಿಟ್ಟು ಎದ್ದು ಹೋದಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಇದರಲ್ಲಿ ಒಂದು ಕೂದಲಿನಷ್ಟೂ ಉತ್ಪ್ರೇಕ್ಷೆ ಇಲ್ಲ.

ತಗಡಿನ ಕೋಣೆಯ ಬಾಗಿಲು ತೆಗೆದಾಗ ಬಿಸಿ ಮುಖಕ್ಕೆ ರಾಚಿತು. ಬೋರ್ಡಿನ ಮೇಲೆ ಅವನು ಬೆಳಿಗ್ಗೆ ಹೆಮ್ಮೆಯಿಂದ ಕೂರಿಸಿದ ಚಿಪ್ ಇನ್ನೂ ಮಿಂಚುತ್ತಿತ್ತು. ದೊಡ್ಡ ಸ್ವಿಚ್ಚನ್ನು ಎರಡೂ ಕೈಯಲ್ಲಿ ಎಳೆದ. ಮೋಟಾರು ನರಳಿ ನಿಂತಿತು, ಬ್ರೇಕು ಕಚ್ಚಿಕೊಂಡಿತು. ಇನ್ನು ಕೈಯಿಂದಲೇ ಇಳಿಸಬೇಕು. ಬ್ರೇಕಿನ ಹಿಡಿಯನ್ನು ಮೊಣಕಾಲಿನಿಂದ ತುಸುವೇ ಅಮುಕಿ, ಬಂಡಿಚಕ್ರದಂಥ ಕಬ್ಬಿಣದ ಚಕ್ರವನ್ನು ಅಂಗುಲ ಅಂಗುಲವಾಗಿ ತಿರುಗಿಸಿದ. ಬೆವರಿಗೆ ಕೈ ಜಾರುತ್ತಿತ್ತು. ಪೂರಾ ಜಾರಿದರೆ ಏನಾಗುತ್ತದೆ ಎಂದು ಯೋಚಿಸುವಷ್ಟು ಧೈರ್ಯ ಅವನಿಗಿರಲಿಲ್ಲ.

“ಇನ್ನೂ ಸ್ವಲ್ಪ!” ಮೂರನೇ ಮಹಡಿಗೆ ಹತ್ತಿಬಂದಿದ್ದ ವಾಚ್‌ಮನ್ ಕೆಳಗಿನಿಂದ ಕೂಗುತ್ತಿದ್ದ. “ಇನ್ನೂ... ಇನ್ನೂ... ಸಾಕು, ಸಾಕು!”

ಅವನು ಇಳಿದು ಬಂದಾಗ ಬೀಗದ ಕೈಯಿಂದ ಮೂರನೇ ಮಹಡಿಯ ಬಾಗಿಲು ತೆರೆದಾಗಿತ್ತು. ಟೀಚರಮ್ಮ ಹೊರಗಿದ್ದರು. ಹಣೆಯಲ್ಲಿ ಒಂದು ಗುಬುಟು, ಅಂಗೈಗಳು ಕೆಂಪು. ಅವರು ಅವನ ತಲೆಯ ಮೇಲೆ ಕೈಯಿಟ್ಟರು.

“ನೀನು ಬಂದಿದ್ದಕ್ಕೆ ಉಳ್ಕೊಂಡೆ ಕಣಪ್ಪ.”

“ಡಾಕ್ಟ್ರು ಅಂದ್ರೆ ಡಾಕ್ಟ್ರೇ,” ಎಂದ ವಾಚ್‌ಮನ್. ಸದ್ದು ಕೇಳಿ ಮೆಟ್ಟಿಲ ಮೇಲೆ ಸೇರಿದವರೆಲ್ಲ ತಲೆಯಾಡಿಸಿದರು. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಆ ಕಟ್ಟಡ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಿತ್ತು.

“ಕೆಡಿಸಿದ್ದೂ ನಾನೇ ಟೀಚರಮ್ಮ,” ಎಂದ. “ನಕಲಿ ಚಿಪ್ ಹಾಕಿದ್ದೆ. ಗೊತ್ತಿದ್ದು ಅಲ್ಲ. ಆದ್ರೆ ಗೊತ್ತು ಮಾಡ್ಕೋಬಹುದಿತ್ತು.”

ಟೀಚರಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. “ಮೊದಲು ನನ್ನನ್ನ ಮನೆ ಸೇರಿಸು,” ಎಂದರಷ್ಟೆ. ಅವನು ಮತ್ತು ವಾಚ್‌ಮನ್ ಸೇರಿ ಕುರ್ಚಿ ಸಮೇತ ಅವರನ್ನು ಐದನೇ ಮಹಡಿಗೆ ಹೊತ್ತರು.

ಮಧ್ಯಾಹ್ನ ಮನೆಗೆ ಬಂದವನು ಊಟ ಮಾಡದೆ ಫೋನ್ ಹಿಡಿದು ಕೂತ. ಮಾರಾಟಗಾರನಿಗೆ ಹತ್ತಿಯ ಫೋಟೋ ಕಳಿಸಿದ. ಉತ್ತರ ತಕ್ಷಣ ಬಂತು: ‘ಸಾರ್, ನಾನೂ ಮೂಟೆಗಟ್ಟಲೆ ತಗೊಂಡು ಮಾರೋನು, ಒಂದೊಂದನ್ನೂ ಉಜ್ಜಿ ನೋಡಕ್ಕಾಗತ್ತಾ? ನಿಮ್ಮ ದುಡ್ಡು ವಾಪಸ್ ಹಾಕ್ತೀನಿ. ಆ ಐದು ನಕ್ಷತ್ರ ಮಾತ್ರ ಹಾಗೇ ಇರ್ಲಿ ಸಾರ್. ನಿಮ್ಮ ಮಾತು ನೋಡ್ಕೊಂಡೇ ಜನ ತಗೊಳ್ತಿದ್ದಾರೆ.’

ಅವನು ತನ್ನ ಐದು ನಕ್ಷತ್ರದ ಪುಟ ತೆರೆದ. ಅದರ ಕೆಳಗೆ, ನಾಲ್ಕು ದಿನದ ಹಿಂದೆ, ಯಾವುದೋ ಊರಿನ ರಿಪೇರಿಯವನೊಬ್ಬ ಬರೆದಿದ್ದ: ‘ಚಿಪ್ ಡಾಕ್ಟ್ರು ಹೇಳಿದ ಮೇಲೆ ಧೈರ್ಯ ಬಂತು. ನಮ್ಮ ಹೆರಿಗೆ ಆಸ್ಪತ್ರೆ ಲಿಫ್ಟಿಗೆ ಎರಡು ತರಿಸ್ತಿದೀನಿ.’

ಹೆಂಡತಿ ಅವನ ಭುಜದ ಮೇಲಿಂದ ಬಗ್ಗಿ ಓದಿದಳು.

“ಯಾಕೆ ಸುಮ್ನೆ ಕೂತ್ರಿ? ಹೆಸರು ಹಾಳಾಗತ್ತೆ ಅಂತಾನಾ?”

“ಆಗತ್ತಲ್ಲ.”

“ಆಗ್ಲಿ ಬಿಡಿ. ಅಷ್ಟು ದೊಡ್ಡ ಹೆಸರು ನಮ್ಮ ಮನೆ ಬಾಗಿಲಲ್ಲಿ ಹೇಗೂ ಹಿಡೀತಿರ್ಲಿಲ್ಲ.”

ಅವನು ಬರೆದ. ಐದು ನಕ್ಷತ್ರವನ್ನು ಒಂದಕ್ಕಿಳಿಸಿ, ಕಪ್ಪು ಹತ್ತಿಯ ಚಿತ್ರ ಹಾಕಿ: ‘ಚಿಪ್ ಡಾಕ್ಟರ್ ಮೋಸ ಹೋದ. ಹತ್ತು ನಿಮಿಷ ತಣ್ಣಗೆ ಓಡಿಸಿ ನೋಡಿ ಹೊಗಳಿದ್ದೆ. ಇದು ಬಣ್ಣ ಬಳಿದ ಚಿಪ್, ಬಿಸಿಗೆ ಕೆಡುತ್ತದೆ. ಇವತ್ತು ನನ್ನಿಂದಾಗಿ ಒಬ್ಬ ಅಜ್ಜಿ ಕತ್ತಲ ಲಿಫ್ಟಿನಲ್ಲಿ ಸಿಕ್ಕಿಬಿದ್ದರು. ಹಾಕಿದ್ದರೆ ಈ ಕ್ಷಣ ಕರೆಂಟ್ ತೆಗೆಯಿರಿ.’ ಅದನ್ನೇ ಆ ಅಪರಿಚಿತನಿಗೂ ಕಳಿಸಿದ.

ಉತ್ತರ ಬರಲಿಲ್ಲ. ಕಾದ. ಬಿಸಿಲು ಗೋಡೆಯಿಂದ ನೆಲಕ್ಕಿಳಿಯಿತು. ಅಷ್ಟು ಹೊತ್ತೂ ಅವನ ಕಿವಿಯಲ್ಲಿ ‘ಬಿಟ್ಟು ಹೋಗ್ಬೇಡ’ ಎಂಬ ದನಿ. ಪ್ರಪಂಚದ ಗಡಿಯಾರಗಳೆಲ್ಲ ಒಟ್ಟಿಗೆ ಕೆಟ್ಟು ನಿಂತಿದ್ದವು, ಅವನ ಕೈಲೂ ರಿಪೇರಿಯಾಗದ ಹಾಗೆ.

ನಾಲ್ಕೂವರೆಗೆ ಫೋನ್ ಮಿನುಗಿತು.

‘ಬೆಳಿಗ್ಗೆನೇ ಹಾಕಿದ್ದೆ ಸಾರ್. ಈಗ ನಿಲ್ಸಿದೆ. ಬಾಣಂತಿಯೊಬ್ರು ಮನೆಗೆ ಹೊರಟು ಲಿಫ್ಟ್ ಮುಂದೆ ನಿಂತಿದ್ರು. ಮೆಟ್ಟಿಲಲ್ಲೇ ಕೈ ಹಿಡಿದು ಇಳಿಸಿದ್ವಿ. ಮಗು ನಿದ್ದೆ ಮಾಡ್ತಿತ್ತು.’

ಅವನು ಎರಡು ಸಲ ಓದಿ ಫೋನನ್ನು ಮಗುಚಿ ಇಟ್ಟ. ಹೆಂಡತಿ ತಟ್ಟೆಗೆ ಅನ್ನ ಬಡಿಸಿದಳು. ಊಟ ಮುಗಿಸಿ ಅಂಗಡಿಗೆ ಹೊರಟವನು ಪಾರ್ಲರ್‌ನಲ್ಲಿ ನಿಂತ.

“ಆ ಬಾಟ್ಲಿ ಒಂದು ಕೊಡು. ಹತ್ತೀನೂ ಒಂದಿಷ್ಟು.”

“ಉಗುರಿಗಾ?” ಎಂದಳು ಅವಳು.

“ಚಿಪ್ಪಿಗೆ, ಇನ್ಮೇಲೆ ಒರೆಸಿ ನೋಡ್ದೆ ಒಂದನ್ನೂ ಹಾಕಲ್ಲ. ಐದನೇ ಮಹಡಿಗೆ ಹೋಗ್ಬರ್ತೀನಿ ಮೊದ್ಲು. ಟೀಚರಮ್ಮನ್ನ ಮಧ್ಯಾಹ್ನ ತಪ್ಪಿದ ಚಿಕಿತ್ಸೆಗೆ ಇಳಿಸ್ಬೇಕು. ಅಸಲಿ ಚಿಪ್ ಸಿಗೋವರೆಗೂ ನಾನೇ ಲಿಫ್ಟು.”