ಸಂಡಿಗೆಗಾಗಿ ಹಾಕಿದ ಬೀಗ

ಚಿಕ್ಕಂದಿನಲ್ಲಿ ಅಮ್ಮ ಸೀಮೆಎಣ್ಣೆ ಸ್ಟೌ ಆರಿಸಿದಾಗ ಅಡುಗೆಮನೆ ತುಂಬುತ್ತಿದ್ದ ಕಮಟು ವಾಸನೆ ನನಗಿನ್ನೂ ನೆನಪಿದೆ. ಕಿಟಕಿ ತೆರೆದರೆ ಹೊಗೆ ತಾನಾಗಿ ಹೋಗುತ್ತದೆ ಎಂದುಕೊಂಡೇ ಬೆಳೆದೆ. ಅದಷ್ಟು ಸುಲಭವಲ್ಲವೆಂದು ತಿಳಿದದ್ದು ಮೊನ್ನೆ ಬೆಳಗ್ಗೆ, ಡಮ್ ಡಮ್ ಬಡಾವಣೆಯ ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ವಿದ್ಯುತ್ ಮೀಟರುಗಳಿಗೆ ಬೆಂಕಿ ಹತ್ತಿದಾಗ.

ಹಾಲಿಗೆ ಹೋಗಿದ್ದ ನಾನು ಬೀದಿಯಲ್ಲೇ ಉಳಿದೆ. ತರಕಾರಿಗೆ ಹೋಗಿದ್ದ ನೆರೆಯ ನರಹರಿಯವರೂ ಅಷ್ಟೆ. ಅವರ ಹೆಂಡತಿ ಲೀಲಾ ಮಾತ್ರ ಐದನೆಯ ಅಂತಸ್ತಿನಲ್ಲಿ ಒಬ್ಬಳೇ. ಅವಳಿಗೆ ಉಬ್ಬಸ.

ಅಗ್ನಿಶಾಮಕದವರು ಬೆಂಕಿ ಆರಿಸಿದರು. ಆದರೆ ಮೆಟ್ಟಿಲ ತುಂಬ ಕರಿಹೊಗೆ.

ನನ್ನ ಫೋನಿನಲ್ಲಿ ಲೀಲಾ ಕೆಮ್ಮುತ್ತಿದ್ದಳು. "ಅಕ್ಕಾ, ಬಾಗಿಲ ಸಂದಿಯಿಂದ ಹೊಗೆ ಬರ್ತಿದೆ. ಕೆಳಗೆ ಓಡಿ ಬಂದ್ಬಿಡ್ಲಾ?"

ದಳದ ಅಧಿಕಾರಿ ಬಸು ಬೇಡವೆಂದು ಕೈಯಾಡಿಸಿದರು. ಅವರು ಹೇಳಿದ್ದನ್ನೇ ನಾನೂ ಹೇಳಿದೆ. "ಬಾಗಿಲು ತೆಗೀಬೇಡ ತಾಯಿ. ಸಂದಿಗೆ ಒದ್ದೆ ಟವೆಲ್ ತುರುಕಿ ಬಾಲ್ಕನಿಯಲ್ಲಿ ಕೂತ್ಕೋ."

ಅಷ್ಟರಲ್ಲಿ ದಳದ ಇಬ್ಬರು ದೊಡ್ಡ ಫ್ಯಾನೊಂದನ್ನು ಮುಂಬಾಗಿಲಿಗೆ ಎದುರಾಗಿ ಇಟ್ಟರು. ನರಹರಿ ಅದರ ಹಿಡಿಕೆಯನ್ನೇ ಹಿಡಿದುಕೊಂಡರು.

"ಒಲೆ ಊದಿದ ಹಾಗೆ ಊದ್ತೀರೇನ್ರೀ? ಮೇಲೆ ನನ್ನ ಹೆಂಡ್ತಿ ಇದಾಳೆ."

"ನಿಮ್ಮ ಭಯ ಸುಳ್ಳಲ್ಲ ಕಾಕು," ಎಂದರು ಬಸು, ಬಂಗಾಳಿಯಲ್ಲಿ ಚಿಕ್ಕಪ್ಪನೆಂದು ಕರೆಯುತ್ತ. "ಬೆಂಕಿ ಉರೀತಿರುವಾಗ ಯೋಚಿಸದೆ ಗಾಳಿ ಬಿಟ್ರೆ ಉರಿ ಹೆಚ್ಚುತ್ತೆ. ಈಗ ಆರಿದೆ, ನೀರಿನ ಪೈಪೂ ಸಿದ್ಧವಿದೆ. ಕೆಳಗಿನಿಂದ ಗಾಳಿ ತಳ್ಳಿದ್ರೆ ಹೊಗೆ ಛಾವಣಿ ಬಾಗಿಲಿಂದ ಹೊರಗೆ ಹೋಗುತ್ತೆ. ಅದು ತೆರೆದಿದೆ ತಾನೆ?"

ನರಹರಿಯವರ ಕೈ ಸಡಿಲವಾಯಿತು. ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ಅವರೇ. "ಬೀಗ ಹಾಕಿದೀನಿ. ಒಣಗಿಸಿದ ಸಂಡಿಗೆ ಕಳುವಾಗ್ತಿತ್ತು."

ಬಸು ಫ್ಯಾನಿನವರಿಗೆ ತಡೆಯುವಂತೆ ಕೈಸನ್ನೆ ಮಾಡಿದರು.

"ಹಾಗಾದ್ರೆ ಫ್ಯಾನ್ ಹಾಕೋ ಹಾಗಿಲ್ಲ. ಹೊರದಾರಿ ಇಲ್ಲದ ಹೊಗೆ ಮನೆಗಳಿಗೇ ನುಗ್ಗುತ್ತೆ. ಕೀಲಿ ಕೊಡಿ."

ಉಸಿರಾಟದ ಮುಖವಾಡ ತೊಟ್ಟ ದಳದವನೊಬ್ಬ ಕೀಲಿ ಹಿಡಿದು ಹೊಗೆಯೊಳಗೆ ಮೆಟ್ಟಿಲು ಹತ್ತಿದ. ಯಾರೋ ಮೆಟ್ಟಿಲ ಕಿಟಕಿ ಒಡೆಯಲು ಬಿದಿರು ತಂದರು. ಬಸು ತಡೆದರು. "ನಡುವೆ ಒಡೆದ್ರೆ ಗಾಳಿ ಅಲ್ಲೇ ಸೋರಿಹೋಗುತ್ತೆ, ಮೇಲಿನ ಹೊಗೆಯನ್ನ ತಳ್ಳಲ್ಲ."

ಫೋನಿನಲ್ಲಿ ಲೀಲಾಳ ದನಿ ನಿಂತಿತ್ತು. ನರಹರಿ ನನ್ನ ಮುಖವನ್ನೇ ನೋಡುತ್ತಿದ್ದರು.

ವೈರ್‌ಲೆಸ್‌ನಲ್ಲಿ ಮಾತು ಬಂತು: ಛಾವಣಿ ಬಾಗಿಲು ತೆರೆಯಿತು. ಫ್ಯಾನು ಮೊರೆಯಿತು. ಛಾವಣಿಯಿಂದ ಹೊಗೆ ಕಪ್ಪಾಗಿ ಎದ್ದು, ಬೂದುಬಣ್ಣಕ್ಕೆ ತಿರುಗಿ, ತೆಳುವಾಯಿತು. ಆಮೇಲೆ ಆ ಮುಖವಾಡದವನು ಲೀಲಾಳ ತೋಳು ಹಿಡಿದು ಇಳಿಸಿಕೊಂಡು ಬಂದ. ಇನ್ನೊಂದು ಕೈಯಲ್ಲಿ ಅವಳ ಚಪ್ಪಲಿ ಹಿಡಿದಿದ್ದ.

"ಇನ್ನು ಆ ಬಾಗಿಲಿಗೆ ಚಿಲಕ ಮಾತ್ರ. ಸಂಡಿಗೆ ಹೋದ್ರೆ ಹೋಗ್ಲಿ," ಎಂದರು ನರಹರಿ.

ಓದುವವರೇ, ನಿಮ್ಮ ಕಟ್ಟಡದ ಛಾವಣಿ ಬಾಗಿಲನ್ನು ಇವತ್ತೇ ಹೋಗಿ ನೋಡಿ. ಕೀಲಿಯಿಲ್ಲದೆ ಒಳಗಿನಿಂದ ತೆರೆಯುವಂತಿರಲಿ. ಮೆಟ್ಟಿಲಲ್ಲಿ ಹೊಗೆಯಿದ್ದರೆ ಬಾಗಿಲು ಮುಚ್ಚಿ ಒಳಗಿರಿ, ಅಗ್ನಿಶಾಮಕಕ್ಕೆ ಫೋನ್ ಮಾಡಿ. ಅವರು ಫ್ಯಾನು ಹಾಕಿದಾಗ ಅಡ್ಡ ನಿಲ್ಲಬೇಡಿ, ನೀವಾಗಿ ಕಿಟಕಿ ಒಡೆಯಬೇಡಿ. ನಿಮ್ಮ ಮನೆಯ ಫ್ಯಾನನ್ನು ಹೊಗೆಗೆ ಹಿಡಿಯುವ ಸಾಹಸವಂತೂ ಬೇಡವೇ ಬೇಡ.

ಪೈಪು ಸುತ್ತಿಟ್ಟು ಬಸು ಗೋಡೆಗೊರಗಿ ಕುಳಿತಿದ್ದರು. ನರಹರಿ ಮೂಲೆಯಂಗಡಿಯಿಂದ ಬಿಸಿ ಕಚೋರಿ, ಆಲೂ ಪಲ್ಯ ತಂದು ಎಲೆದೊನ್ನೆಯನ್ನು ಅವರ ಕೈಗಿಟ್ಟರು.